ಖಾಲಿ ಕರೆಗಳು

ಬಾಯಿ ಕಟ್ಟಿ ವರ್ಷ ದಾಟಿದ ಮೇಲೆ ವಾರಿಜಾ ಯಂತ್ರದ ಮೂಲಕ ಆಡಿದ ಮೊದಲ ಮಾತು, “ಫ್ಯಾನ್ ಬಂದ್ ಮಾಡ್ರಿ, ಥಂಡಿ ಹತ್ತೇತಿ.”

ಕೋಣೆಯಲ್ಲಿದ್ದವರು ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಡಾಕ್ಟರು, ಯಂತ್ರ ತಯಾರಿಸಿದವರು, ಮಗಳು ವನಮಾಲಾ ಎಲ್ಲರೂ ದೊಡ್ಡದೊಂದು ಮಾತಿಗೆ ಕಿವಿಗೊಟ್ಟು ನಿಂತಿದ್ದರು. ಗಂಡ ಚನ್ನವೀರಪ್ಪ ಹೂಗಾರ ಮಾತ್ರ ಓಡಿ ಹೋಗಿ ಸ್ವಿಚ್ ಆರಿಸಿ, ಗೋಡೆಗೆ ಮುಖ ಮಾಡಿ ಅತ್ತರು. ಹಾಸಿಗೆ ಹಿಡಿದವಳಿಗೆ ಸೆಕೆಯಾಗಬಾರದೆಂದು ಅಷ್ಟೂ ಕಾಲ ಹಗಲಿರುಳೂ ಫ್ಯಾನ್ ಹಾಕಿಟ್ಟವರು ಅವರೇ.

ವಾರಿಜಾ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದಾಕೆ. ಕೆಲಸದಿಂದ ನಿವೃತ್ತಳಾದ ಸ್ವಲ್ಪ ದಿನಕ್ಕೇ ಲಕ್ವ ಹೊಡೆದು ಕುತ್ತಿಗೆಯಿಂದ ಕೆಳಗೆ ಏನೂ ಆಡದಂತಾಯಿತು, ನಾಲಿಗೆಯೂ ಬಿದ್ದುಹೋಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಮಾತಾಡಬೇಕೆಂದು ಮನಸ್ಸಾದ ಕೂಡಲೇ ಮಿದುಳಿನಿಂದ ತುಟಿಗೆ, ನಾಲಿಗೆಗೆ, ಗಂಟಲಿಗೆ ಅಪ್ಪಣೆ ಹೊರಡುತ್ತದಷ್ಟೆ. ಆಕೆಯಲ್ಲಿ ಅಪ್ಪಣೆ ಹೊರಡುತ್ತಿತ್ತು, ತಲುಪುತ್ತಿರಲಿಲ್ಲ. ಆ ಅಪ್ಪಣೆಯನ್ನು ದಾರಿಯಲ್ಲೇ ಹಿಡಿದು ಸ್ಪೀಕರಿನಿಂದ ನುಡಿಸುವ ಸಾಧನವನ್ನು ಊರ ಹೊರಗಿನ ಸಂಶೋಧನಾ ಕೇಂದ್ರವೊಂದು ತಯಾರಿಸಿತ್ತು. ಅದಕ್ಕೆ ‘ಮಾರ್ನುಡಿ’ ಎಂದು ಹೆಸರಿಟ್ಟಿದ್ದರು. ತಲೆಬುರುಡೆಯ ಒಳಗೆ ಮಿದುಳಿನ ಮೇಲೆ ಹಾಸಿದ ಕೂದಲೆಳೆಯಂಥ ತಂತಿಗಳ ಜಾಲ, ಕಿವಿಯ ಹಿಂದೆ ಒಂದು ಚಿಪ್, ಮಂಚದ ಪಕ್ಕದಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಇಷ್ಟೇ.

ಆ ಪೆಟ್ಟಿಗೆಯೊಳಗಿನ ತಂತ್ರಾಂಶ ಬರೆದವಳು ಅನುಸೂಯಾ ಕಟ್ಟಿಮನಿ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಆಕೆಯ ಕೆಲಸ ಹೊರಗಿನವರಿಗೆ ವಿವರಿಸುವುದು ಕಷ್ಟ. ಆದರೆ ಚನ್ನವೀರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಬಿಡದೆ ಕೇಳಿದರು.

“ಕಂಪ್ಯೂಟರ್ ತನ್ನ ಪಾಡಿಗೆ ಏನೋ ಕೆಲಸ ಮಾಡ್ಕೋತ ಇರ್ತೈತ್ರಿ,” ಎಂದಳು ಅನುಸೂಯಾ. “ಚಿಪ್ಪಿಗೆ ಏನರ ಹೇಳೋದಿದ್ರ ಅದು ಒಂದು ತಂತಿ ಜಗ್ತೈತಿ. ಮನೀ ಗಂಟಿ ಬಾರಿಸಿದಂಗ. ಇಂಟರಪ್ಟ್ ಅಂತೀವಿ ಅದಕ್ಕ. ಗಂಟಿ ಆದ ಕೂಡಲೇ ಕಂಪ್ಯೂಟರ್ ಕೈಯಾಗಿನ ಕೆಲಸ ಬಿಟ್ಟು ಓಡಿ ಬಂದು ಬಾಗಿಲಾ ತಗೀಬೇಕು. ಆ ಬಾಗಿಲಾ ತಗಿಯೋ ಆಳು ಐತಲ್ಲ, ಡ್ರೈವರ್, ಅದನ್ನ ನಾ ಬರದೇನಿ.”

“ಅಂದ್ರ ನಮ್ಮಾಕಿ ಕರದಾಗ ಓ ಅನ್ನೋರು ನೀವು,” ಎಂದರು ಚನ್ನವೀರಪ್ಪ.

ಆಕೆ ನಕ್ಕಳು. ತನ್ನ ಕೆಲಸವನ್ನು ಯಾರೂ ಹಾಗೆ ಹೇಳಿರಲಿಲ್ಲ.

ಮೊದಲ ತಿಂಗಳುಗಳು ಹಬ್ಬದಂತೆ ಕಳೆದವು. ವಾರಿಜಾ ಮಲಗಿದಲ್ಲಿಂದಲೇ ಮನೆ ನಡೆಸತೊಡಗಿದಳು. ರೊಟ್ಟಿಗೆ ಹಿಟ್ಟು ಹೆಚ್ಚಾಯಿತೆಂದು ಬಡಿಯುವ ಸದ್ದಿನಿಂದಲೇ ಕಂಡುಹಿಡಿಯುತ್ತಿದ್ದಳು. ಶಾಲೆಯಲ್ಲಿ ಟೀಚರ್ ಆಗಿದ್ದ ಮಗಳು ತಡವಾಗಿ ಬಂದರೆ ಬೈಯುತ್ತಿದ್ದಳು. ಕೇಂದ್ರದವರು ಮನೆಯವರಿಗೆ ಒಂದೇ ಸೂಚನೆ ಕೊಟ್ಟಿದ್ದರು. ಯಂತ್ರಕ್ಕೆ ಕನ್ನಡ, ಹಿಂದಿ, ಇಂಗ್ಲಿಷ್ ಕಲಿಸಲಾಗಿದೆ, ಆದಷ್ಟೂ ಇವುಗಳಲ್ಲೊಂದನ್ನೇ ಆಡಿ, ಉಳಿದ ಭಾಷೆಗಳು ಮುಂದಿನ ಹಂತದಲ್ಲಿ ಬರುತ್ತವೆ ಎಂದು. ಚನ್ನವೀರಪ್ಪನ ಮನೆಯಲ್ಲಿ ಅದರಿಂದ ಯಾರಿಗೂ ತೊಡಕಾಗಲಿಲ್ಲ. ಮದುವೆಯಾದಂದಿನಿಂದ ಆ ಮನೆಯ ಮಾತು ಕನ್ನಡವೇ.

ಹಾಗಿರುವಾಗ ಒಂದು ಮಧ್ಯಾಹ್ನ ಪೆಟ್ಟಿಗೆ ಇದ್ದಕ್ಕಿದ್ದಂತೆ ಮೂಕವಾಯಿತು. ವಾರಿಜಾಳ ಕಣ್ಣಲ್ಲಿ ಗಾಬರಿ ಕಂಡು ವನಮಾಲಾ ಫೋನ್ ಮಾಡಿದಳು. ಅನುಸೂಯಾ ಬಂದು ನೋಡಿದಾಗ ಪೆಟ್ಟಿಗೆ ತಾನೇ ಒಂದು ಸಂದೇಶ ತೋರಿಸುತ್ತಿತ್ತು: ಈ ತಂತಿಯ ಕರೆಗೆ ಯಾರೂ ಓಗೊಡುತ್ತಿಲ್ಲ, ತಂತಿಯನ್ನು ಮುಚ್ಚಲಾಗಿದೆ.

ಆದದ್ದು ಇಷ್ಟು. ಚಿಪ್ಪಿಗೆ ಒಂದು ಚಾಳಿಯಿತ್ತು. ಅದು ಮೊದಲು ಗಂಟೆ ಬಾರಿಸಿ ಆಮೇಲೆ ಮಾತು ಜೋಡಿಸಿಡುತ್ತಿತ್ತು. ಕೆಲವು ಸಲ ಗಂಟೆ ಬಾರಿಸಿದ ಮೇಲೆ ಏನನ್ನೂ ಇಡುತ್ತಲೇ ಇರಲಿಲ್ಲ. ಡ್ರೈವರ್ ಬಾಗಿಲು ತೆಗೆದು ನೋಡಿದರೆ ಹೊರಗೆ ಯಾರೂ ಇಲ್ಲ. ಆಗ ಅದು ‘ಈ ಕರೆ ನನಗಲ್ಲ’ ಎಂದು ಮರಳುತ್ತಿತ್ತು. ಇಂಥ ವಾರಸುದಾರರಿಲ್ಲದ ಕರೆಗಳು ಮಿತಿ ಮೀರಿದರೆ ಆಪರೇಟಿಂಗ್ ಸಿಸ್ಟಮ್ ಆ ತಂತಿಯೇ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಮುಚ್ಚಿಬಿಡುತ್ತದೆ. ಚಿಪ್ ಮಾಡಿದ ಕಂಪನಿಯವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದರು: ಕಾರಣವಿಲ್ಲದ ಕರೆಗಳು ಬರುವುದುಂಟು, ನಿರ್ಲಕ್ಷಿಸಿರಿ.

ಅನುಸೂಯಾ ಕೇಂದ್ರಕ್ಕೆ ಮರಳಿ ತನ್ನ ಡ್ರೈವರಿಗೆ ನಾಲ್ಕಾರು ಸಾಲು ಸೇರಿಸಿದಳು. ಖಾಲಿ ಕರೆ ಬಂದರೆ ‘ನನಗಲ್ಲ’ ಅನ್ನಬೇಡ. ‘ಆಯಿತು, ನೋಡಿಕೊಂಡೆ’ ಎಂದು ಹೇಳಿ ಸುಮ್ಮನಾಗು. ಲೆಕ್ಕ ಇಡಬೇಡ, ಉಳಿಸಬೇಡ. ಎದುರಿನ ಮೇಜಿನ ಯೋಗೀಶ ಬಂಗೇರ ಅದನ್ನು ಓದಿ ನೋಡಿದ. ಅವನು ಮೂಡುಬಿದಿರೆಯವನು, ಬೇರೆಯವರ ತಪ್ಪು ಹುಡುಕುವುದರಲ್ಲಿ ಗಟ್ಟಿಗ.

“ಸರಿ ಉಂಟು ಮೇಡಂ,” ಎಂದ. “ಆ ಚಿಪ್ಪು ಸುಳ್ಳೇ ಬೊಬ್ಬೆ ಹೊಡಿಯುವುದಕ್ಕೆ ನಾವು ಯಾಕೆ ತಲೆ ಕೆಡಿಸ್ಕೊಳ್ಳುವುದು?”

ಬದಲಾವಣೆ ಎಲ್ಲ ಪೆಟ್ಟಿಗೆಗಳಿಗೂ ಹೋಯಿತು. ಆಮೇಲೆ ಯಾವ ಮನೆಯಲ್ಲೂ ಮಾರ್ನುಡಿ ಮೂಕವಾಗಲಿಲ್ಲ. ಕೇಂದ್ರದ ಮುಖ್ಯಸ್ಥರು ಸಭೆಯಲ್ಲಿ ಅನುಸೂಯಾಳ ಹೆಸರು ಹೇಳಿ ಹೊಗಳಿದರು.

ಮುಂದಿನ ಚಳಿಗಾಲದಲ್ಲಿ ವಾರಿಜಾಳಿಗೆ ಎರಡನೆಯ ಆಘಾತವಾಯಿತು. ಸಣ್ಣದೇ ಎಂದರು ಡಾಕ್ಟರು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಕಣ್ಣಿನ ರೆಪ್ಪೆಗಳ ಮೇಲಿದ್ದ ಹಿಡಿತವೂ ಹೋಯಿತು, ಪೆಟ್ಟಿಗೆಯ ಮಾತೂ ತೆಳುವಾಯಿತು. ದಿನಗಟ್ಟಲೆ ಏನೂ ಇಲ್ಲ. ಒಮ್ಮೊಮ್ಮೆ ಒಂದೇ ಪದ ಹೊರಬೀಳುತ್ತಿತ್ತು. “ನೀರು.” ನೀರು ಕೊಟ್ಟರೆ ಮತ್ತೆ ಮೌನ. ಇನ್ನೊಂದು ಪದ ಪದೇ ಪದೇ ಬರುತ್ತಿತ್ತು. “ಕೋಪ.”

ಮೊದಲ ಸಲ ಅದನ್ನು ಕೇಳಿದಾಗ ಚನ್ನವೀರಪ್ಪ ಮಂಚದ ಪಕ್ಕದ ಕುರ್ಚಿಯಲ್ಲಿದ್ದರು.

“ಯಾರ ಮ್ಯಾಲ ಸಿಟ್ಟು, ವಾರಿಜಾ? ನನ್ನ ಮ್ಯಾಲೇನ?”

“ಕೋಪ,” ಎಂದಿತು ಪೆಟ್ಟಿಗೆ.

ತಲೆ ಕೊರೆದು ತಂತಿ ಹಾಕಿಸುವ ಆಪರೇಶನ್ ಆಕೆಗೆ ಬೇಡವಾಗಿತ್ತು. ಕಣ್ಣು ಮಿಟುಕಿಸಿ ಬೇಡ ಬೇಡವೆಂದಿದ್ದಳು. ಹಟ ಹಿಡಿದು ಒಪ್ಪಿಸಿದವರು ಚನ್ನವೀರಪ್ಪ. ಆ ಸಿಟ್ಟು ಈಗ ಹೊರಗೆ ಬರುತ್ತಿದೆ, ಬುದ್ಧಿಯ ಪದರಗಳೆಲ್ಲ ಉದುರಿ ತಳದಲ್ಲಿದ್ದದ್ದು ಅದೊಂದೇ ಉಳಿದಿದೆ ಎಂದು ಅವರಿಗೆ ಖಾತ್ರಿಯಾಯಿತು. ತಾನು ಎದುರು ಕೂತರೆ ಆಕೆಗೆ ಹಿಂಸೆಯೆಂದು ಕುರ್ಚಿಯನ್ನು ಹೊರಗಿನ ಪಡಸಾಲೆಗೆ ಎತ್ತಿಟ್ಟುಕೊಂಡರು. ಮೈ ಒರೆಸಲು, ಮಗ್ಗುಲು ಬದಲಿಸಲು ಒಳಗೆ ಹೋಗುವರು, ಕೆಲಸ ಮುಗಿಸಿ ಮಾತಾಡದೆ ಹೊರಗೆ ಬರುವರು. ಬೇಸಿಗೆ ಬರುವ ಹೊತ್ತಿಗೆ ಆ ಒಂದೆರಡು ಪದಗಳೂ ನಿಂತವು.

ಡಾಕ್ಟರ್ ನಾಡಗೌಡರು ಹಾಸಿಗೆಯ ಪಕ್ಕದಲ್ಲೇ ನಿಂತು ವನಮಾಲಾಳಿಗೆ ಹೇಳಿದರು. “ನೋಡವಾ, ಉಸಿರಾಟ ನಡದದ ಖರೆ. ಆದ್ರ ಒಳಗ ಇನ್ನ ಯಾರೂ ಉಳದಿಲ್ಲ. ಆ ಚಿಪ್ ತಗದ್ರ ಇನ್ನೊಬ್ಬರಿಗೆ ಉಪಯೋಗ ಆಗ್ತದ. ಕಾಯೋರು ಭಾಳ ಮಂದಿ ಇದ್ದಾರ.”

ವನಮಾಲಾ ಅಪ್ಪನ ಮುಖ ನೋಡಿದಳು. ಅವರು ಒಪ್ಪಿದರು.

ಚಿಪ್ ತೆಗೆಯುವ ಮುನ್ನ ಅದು ಮರುಬಳಕೆಗೆ ತಕ್ಕುದಾಗಿದೆಯೇ ಎಂದು ಪರೀಕ್ಷಿಸಬೇಕಿತ್ತು. ಅನುಸೂಯಾ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. ಚಿಪ್ಪಿನ ನಿಜವಾದ ನಡವಳಿಕೆ ಕಾಣಬೇಕಾದರೆ ತಾನು ಸೇರಿಸಿದ್ದ ಸಾಲುಗಳನ್ನು ತೆಗೆಯಬೇಕು. ತೆಗೆದಳು. ಪ್ರತಿಯೊಂದು ಕರೆಗೂ ಲ್ಯಾಪ್‌ಟಾಪ್ ‘ಟಿಕ್’ ಎನ್ನುವಂತೆ, ತಂತಿ ಮುಚ್ಚಿಹೋಗದಂತೆ ಮಾಡಿ ಕೇಬಲ್ ಜೋಡಿಸಿದಳು.

ಟಿಕ್, ಟಿಕ್, ಟಿಕ್‌ಟಿಕ್‌ಟಿಕ್ ಎಂದು ಜೋಳ ಹುರಿದಂತೆ ಸದ್ದು ಶುರುವಾಯಿತು. ಅಷ್ಟೂ ಖಾಲಿ ಕರೆಗಳು.

ಚಿಪ್ ಪೂರ್ತಿ ಹಾಳಾಗಿದೆ ಎಂದುಕೊಂಡಳು ಅನುಸೂಯಾ. ಅಷ್ಟರಲ್ಲಿ ಚನ್ನವೀರಪ್ಪ ಬಾಗಿಲ ಬಳಿ ಬಂದು ನಿಂತರು. ಬಹಳ ದಿನದಿಂದ ಹೆಂಡತಿಯೊಡನೆ ಮಾತಾಡದವರು ಇವತ್ತು ಹೇಳದೆ ಇರಲಾರದೆ ಕರೆದರು.

“ವಾರಿಜಾ.”

ಟಿಕ್ ಸದ್ದು ನಿಂತಿತು.

“ನಾಳಿ ದವಾಖಾನಿಗೆ ಹೋಗೋದೈತಿ. ತಲಿಯಾಗಿಂದು ತಗೀತಾರಂತ. ನೋವಾಗಂಗಿಲ್ಲ ಅಂದಾರ.”

ಅವರ ಮಾತು ಮುಗಿಯಿತು. ಒಂದು ಉಸಿರಿನಷ್ಟು ನಿಶ್ಶಬ್ದ. ಆಮೇಲೆ ಟಿಕ್ಕುಗಳು ಒಂದರ ಮೇಲೊಂದು ಬಿದ್ದು ಬಂದವು.

ಅನುಸೂಯಾ ಅವರತ್ತ ತಿರುಗಿದಳು. “ಕಾಕಾ, ಇನ್ನೊಮ್ಮೆ ಏನರ ಮಾತಾಡ್ರಿ.”

“ಏನ್ ಮಾತಾಡ್ಲಿ?”

“ಏನಾದ್ರೂ. ಅವರನ್ನ ಏನರ ಕೇಳ್ರಿ.”

“ವಾರಿಜಾ... ಆರಾಮ ಅದಿಯೇನ?”

ಅವರು ಬಾಯಿ ತೆರೆದ ಕೂಡಲೇ ಸದ್ದು ನಿಂತಿತ್ತು. ಪ್ರಶ್ನೆ ಮುಗಿದ ಮೇಲೆ ಮತ್ತೆ ಶುರುವಾಯಿತು. ಅನುಸೂಯಾ ಇನ್ನೊಂದು ಸಲ ಕೇಳಿಸಿದಳು. ಮತ್ತೆ ಹಾಗೆಯೇ ಆಯಿತು. ಕೆಟ್ಟ ಚಿಪ್ ಎದುರಿನವರ ಮಾತು ಮುಗಿಯಲೆಂದು ಕಾಯುವುದಿಲ್ಲ.

ಚಿಪ್ಪಿನ ಕೆಲಸದಲ್ಲಿ ಎರಡು ಹಂತಗಳಿದ್ದವು. ಮೊದಲು ಮಿದುಳಿನ ಅಪ್ಪಣೆಗಳನ್ನು ಅಕ್ಷರಗಳಾಗಿ ಹಿಡಿಯುವುದು, ಆಮೇಲೆ ಆ ಅಕ್ಷರಗಳಿಗೆ ತನಗೆ ಗೊತ್ತಿರುವ ಪದಗಳಲ್ಲಿ ಹೋಲಿಕೆ ಹುಡುಕುವುದು. ಹೋಲಿಕೆ ಸಿಕ್ಕದಿದ್ದರೆ ಅಕ್ಷರಗಳನ್ನು ಎಸೆದುಬಿಡುತ್ತಿತ್ತು. ಎಸೆಯುವ ಮೊದಲೇ ಗಂಟೆ ಬಾರಿಸಿ ಆಗಿರುತ್ತಿತ್ತು. ಅನುಸೂಯಾ ಎರಡನೆಯ ಹಂತವನ್ನು ಕೈಬಿಡುವಂತೆ ಚಿಪ್ಪಿಗೆ ಸೂಚನೆ ಕಳಿಸಿ, ಬರೀ ಅಕ್ಷರಗಳನ್ನು ಸ್ಪೀಕರಿಗೆ ಕೊಟ್ಟಳು.

ಪೆಟ್ಟಿಗೆ ತೊದಲುವ ಮಗುವಿನಂತೆ ನುಡಿಯಿತು. “ಈ...ರೆಗ್... ಎನ್ನ... ಮಿತ್ತ್... ಕೋಪ...ನಾ.”

ಚನ್ನವೀರಪ್ಪ ಬಾಗಿಲು ಬಿಟ್ಟು ಒಳಗೆ ಬಂದರು.

“ಇದು ಆಕಿ ತವರಿನ ಮಾತ್ರಿ. ತುಳು.”

“ಏನಂದ್ರ?”

“ನನಗ ಬರಂಗಿಲ್ಲ,” ಎಂದರು ಅವರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಕಲೀಲಿಲ್ಲ ನಾನು,” ಎಂದರು.

ಕಾರ್ಕಳದ ಕಡೆಯ ಹುಡುಗಿ ನರ್ಸ್ ಕೆಲಸಕ್ಕೆ ಹುಬ್ಬಳ್ಳಿಗೆ ಬಂದು, ಕೈ ಜಜ್ಜಿಸಿಕೊಂಡು ಬಂದ ಫಿಟ್ಟರನಿಗೆ ಪಟ್ಟಿ ಕಟ್ಟಿ, ಅವನನ್ನೇ ಮದುವೆಯಾದಳು. ಜಾತಿ ಬೇರೆಯೆಂದು ಅಣ್ಣಂದಿರು ಸಂಬಂಧ ಹರಿದುಕೊಂಡರು. ಹೊಸದರಲ್ಲಿ ಗಂಡನಿಗೆ ತನ್ನ ಮಾತು ಕಲಿಸಲು ಒಂದೆರಡು ಸಲ ನೋಡಿದ್ದಳು. ‘ನಿನ್ನ ಮಾತು ಅರ್ಧ ತಿಳೀತೈತಿ, ಇನ್ನರ್ಧಕ್ಕ ನಗು ಬರ್ತೈತಿ’ ಎಂದು ಅವರು ಗೆಳೆಯರ ಮುಂದೆ ಚೇಷ್ಟೆ ಮಾಡಿದ್ದರು. ಎಲ್ಲರೂ ನಕ್ಕಿದ್ದರು, ಆಕೆಯೂ ನಕ್ಕಿದ್ದಳು. ಆಮೇಲೆ ಆ ಮನೆಯಲ್ಲಿ ತುಳು ಕೇಳಲಿಲ್ಲ. ಮಗಳಿಗೂ ಬರಲಿಲ್ಲ. ಇದನ್ನೆಲ್ಲ ಚನ್ನವೀರಪ್ಪ ಅನುಸೂಯಾಳಿಗೆ ಹೇಳಿದ್ದು ಬಹಳ ದಿನಗಳ ನಂತರ.

ಆ ಹೊತ್ತಿನಲ್ಲಿ ಅನುಸೂಯಾ ಮಾಡಿದ್ದು ತುಳು ಬಲ್ಲ ಯೋಗೀಶನಿಗೆ ಫೋನ್ ಹಚ್ಚಿದ್ದು. ಸ್ಪೀಕರಿನ ಬಾಯಿಗೆ ಫೋನ್ ಹಿಡಿದಳು. ಪೆಟ್ಟಿಗೆ ಅದನ್ನೇ ಮತ್ತೆ ಮತ್ತೆ ನುಡಿಯುತ್ತಿತ್ತು. ಆ ಕಡೆಯಿಂದ ಯೋಗೀಶ ಕೇಳಿದ.

“ಮೇಡಂ, ಇದು ಯಾರು?”

“ವಾರಿಜಾ ಬಾಯಾರು. ಏನಂತಾರ, ಹೇಳು.”

“ನಿಮಗೆ ನನ್ನ ಮೇಲೆ ಕೋಪವಾ, ಅಂತ ಕೇಳ್ತಾ ಇದ್ದಾರೆ.”

ಚನ್ನವೀರಪ್ಪ ನೆಲದ ಮೇಲೆ ಕೂತುಬಿಟ್ಟರು. ಇಡೀ ಮಾತಿನಲ್ಲಿ ಕನ್ನಡಕ್ಕೂ ಸಲ್ಲುವ ಒಂದೇ ಒಂದು ಪದವನ್ನು ಯಂತ್ರ ಹೆಕ್ಕಿ ಕೊಟ್ಟಿತ್ತು, ಅದನ್ನು ಹಿಡಿದುಕೊಂಡೇ ಅವರು ಎದ್ದು ಹೊರಗೆ ಹೋಗಿದ್ದರು. ಅವರು ಎದ್ದು ಹೋದದ್ದೇ ತನ್ನ ಪ್ರಶ್ನೆಗೆ ಉತ್ತರವೆಂದು ಆಕೆ ತಿಳಿದಿರಬೇಕು.

“ಇಲ್ಲ ಅನ್ನೋದಕ್ಕ ಏನಂತಾರ ಕೇಳ್ರಿ,” ಎಂದರು ಅವರು.

“ಇಜ್ಜಿ,” ಎಂದ ಯೋಗೀಶ.

ಚನ್ನವೀರಪ್ಪ ಮೊಣಕಾಲ ಮೇಲೆಯೇ ಮಂಚದ ತನಕ ಹೋದರು. “ಇಜ್ಜಿ, ವಾರಿಜಾ. ಇಜ್ಜಿ. ಇಜ್ಜಿ.”

ಪೆಟ್ಟಿಗೆ ಸುಮ್ಮನಾಯಿತು. ಅನುಸೂಯಾ ಲ್ಯಾಪ್‌ಟಾಪ್ ನೋಡಿದಳು, ಕೇಬಲ್ ನೋಡಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ನಿಧಾನವಾಗಿ, “ಬಲೆ... ಮುಲ್ಪ... ಕುಲ್ಲುಲೆ,” ಎಂದು ಕೇಳಿಸಿತು.

ಬನ್ನಿ, ಇಲ್ಲಿ ಕೂತುಕೊಳ್ಳಿ. ಅದನ್ನು ಯೋಗೀಶ ಹೇಳುವ ಮೊದಲೇ ಅವರು ಕೂತಿದ್ದರು.

ಆಪರೇಶನ್ ರದ್ದಾಯಿತು. ಡಾಕ್ಟರ್ ನಾಡಗೌಡರು ಬಂದು ನೋಡಿ ಬಹಳ ಹೊತ್ತು ಕನ್ನಡಕ ಒರೆಸುತ್ತ ನಿಂತರು. ಮಿದುಳಿಗೆ ಪೆಟ್ಟು ಬಿದ್ದಾಗ ಆಮೇಲೆ ಕಲಿತ ಭಾಷೆ ಅಳಿಸಿ ಹಾಲು ಕುಡಿಯುವಾಗ ಕಲಿತದ್ದು ಉಳಿಯುವುದುಂಟು, ಪುಸ್ತಕದಲ್ಲಿ ಓದಿದ್ದೆ, ಕೇಳಬೇಕೆಂದು ಹೊಳೆಯಲಿಲ್ಲ ಎಂದರು. ವಾರಿಜಾಳಿಗೆ ಕನ್ನಡದ ಸಣ್ಣ ಸಣ್ಣ ಮಾತು ತಿಳಿಯುತ್ತಿತ್ತು, ಉದ್ದ ಮಾತು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಆಡಲಂತೂ ಬರುತ್ತಲೇ ಇರಲಿಲ್ಲ.

ಅಂದಿನಿಂದ ಯೋಗೀಶ ಕೆಲಸ ಮುಗಿಸಿ ಸಂಜೆ ಅವರ ಮನೆಗೆ ಹೋಗತೊಡಗಿದ. ಆ ಯಂತ್ರ ತಯಾರಾದಾಗಿನಿಂದ ಅನುಸೂಯಾಳ ಎದುರು ಮೇಜಿನಲ್ಲೇ ಕೂತಿದ್ದವನು, ವಾರಿಜಾಳ ಮನೆಗೆ ಮಾತ್ರ ಒಮ್ಮೆಯೂ ಹೋದವನಲ್ಲ. ಡ್ರೈವರ್ ಬರೆಯುವವರು ರೋಗಿಗಳ ಮನೆಗೆ ಹೋಗಬೇಕೆಂದು ಯಾವ ನಿಯಮವೂ ಇರಲಿಲ್ಲ.

ವಾರಿಜಾ ಅವನೊಡನೆ ಬಹಳ ಮಾತಾಡಿದಳು. ಅಮ್ಮ ಮಳೆಗಾಲಕ್ಕೆಂದು ಒಣಗಿಸಿಡುತ್ತಿದ್ದ ಹಲಸಿನ ಬೀಜದ ಮಾತು, ಕಟೀಲಿನ ಯಕ್ಷಗಾನದ ಆಟ ನೋಡಲು ಹೋಗಿ ಚಪ್ಪಲಿ ಕಳೆದುಕೊಂಡ ಮಾತು. ಚನ್ನವೀರಪ್ಪ ಪಕ್ಕದಲ್ಲಿ ಕೂತು ಯೋಗೀಶ ಅರ್ಥ ಹೇಳುವುದನ್ನೇ ಕಾಯುವರು. ಹೆಂಡತಿಯ ಬಾಲ್ಯವನ್ನು ಅವರು ಕೇಳುತ್ತಿದ್ದುದು ಅದೇ ಮೊದಲು. ಕೆಲವು ಮಾತುಗಳಿಗೆ ಯೋಗೀಶ ಮೊದಲು ತಲೆ ತಗ್ಗಿಸಿ ಆಮೇಲೆ ಅರ್ಥ ಹೇಳುತ್ತಿದ್ದ.

“ಒಳಗೆ ಯಾರೂ ಉಳಿದಿಲ್ಲ ಅಂತ ಡಾಕ್ಟ್ರು ಹೇಳಿದಾಗ, ಇದ್ದೇನೆ, ಇದ್ದೇನೆ ಅಂತ ಕಿರುಚಿದರಂತೆ,” ಎಂದ ಒಂದು ದಿನ.

ಅನುಸೂಯಾ ಅಂದು ಅಲ್ಲೇ ಇದ್ದಳು. ಆಕೆಗೆ ಎದ್ದು ಹೋಗಬೇಕೆನಿಸಿತು, ಆದರೆ ಹೋಗಲಿಲ್ಲ. ಪೆಟ್ಟಿಗೆ ಮತ್ತೆ ಏನನ್ನೋ ನುಡಿಯಿತು.

“ನಿಮಗೆ ಕೇಳ್ತಾ ಇದ್ದಾರೆ ಮೇಡಂ,” ಎಂದ ಯೋಗೀಶ. “ನಾನು ಕರೆಯುವುದು ಆ ಯಂತ್ರಕ್ಕೆ ಗೊತ್ತಾಗ್ತಿತ್ತಾ, ಅಂತ.”

“ಗೊತ್ತಾಗ್ತಿತ್ತು ಅಂತ ಹೇಳು. ಪ್ರತಿಯೊಂದು ಕರೀನೂ ಅದಕ್ಕ ಮುಟ್ಟತಿತ್ತು. ಸುಮ್ನಿರು ಅಂತ ನಾನ ಅದಕ್ಕ ಹೇಳಿದ್ದೆ.”

“ಹಾಗೆಲ್ಲ ಹೇಳುವುದು ಬೇಡ ಮೇಡಂ. ಚಿಪ್ಪಿನ ದೋಷ ಅಂತ ಹೇಳ್ತೇನೆ. ಸುಳ್ಳಲ್ಲವಲ್ಲ.”

“ನಾ ಅಂದಂಗ ಹೇಳೋ ಯೋಗೀಶ.”

ಅವನು ಹೇಳಿದ. ವಾರಿಜಾಳ ಅರೆತೆರೆದ ಕಣ್ಣು ಸೂರು ನೋಡುತ್ತಿತ್ತು. ಬಹಳ ಹೊತ್ತು ಒಂದು ಅಕ್ಷರವೂ ಬರಲಿಲ್ಲ. ಪರವಾಗಿಲ್ಲ ಅನ್ನುವಳೋ, ಬೈಯುವಳೋ ಎಂದು ಅನುಸೂಯಾ ಕಾದಳು. ಎರಡರಲ್ಲಿ ಯಾವುದಾದರೂ ಸರಿ ಎನಿಸಿತ್ತು ಆಕೆಗೆ.

ಕೊನೆಗೆ ಪೆಟ್ಟಿಗೆ ಏನೋ ಹೇಳಿತು. “ತಲೆ ತುರಿಸ್ತದಂತೆ,” ಎಂದ ಯೋಗೀಶ. “ಮಗಳು ಬಂದ ಮೇಲೆ ಎಣ್ಣೆ ಹಚ್ಚಬೇಕಂತೆ.”

ಆ ಮಾತನ್ನು ವಾರಿಜಾ ಮತ್ತೆ ಎತ್ತಲಿಲ್ಲ.

ಕೇಂದ್ರದಲ್ಲಿ ಅನುಸೂಯಾ, ಯೋಗೀಶ ಸೇರಿ ಮಾರ್ನುಡಿಗೆ ತುಳು ಕಲಿಸುವ ಕೆಲಸಕ್ಕೆ ಕೂತರು. ಮಳೆ ಹಿಡಿಯುವುದರೊಳಗೆ ಮುಗಿಸಬಹುದೆಂದುಕೊಂಡಿದ್ದರು. ಆದರೆ ಮಳೆ ಮೊದಲು ಬಂತು. ಥಂಡಿ ಗಾಳಿಗೆ ವಾರಿಜಾಳ ಎದೆ ಕಟ್ಟಿತು. ಆಸ್ಪತ್ರೆಗೆ ಸೇರಿಸಿದ ಎರಡೇ ದಿನಕ್ಕೆ ಜೀವ ಹೋಯಿತು. ಕೊನೆಯ ಹೊತ್ತಿನಲ್ಲಿ ಯೋಗೀಶ ಊರಲ್ಲಿರಲಿಲ್ಲ. ಪೆಟ್ಟಿಗೆ ನುಡಿದದ್ದನ್ನು ಚನ್ನವೀರಪ್ಪ ಒಬ್ಬರೇ ಕೇಳಿದರು. ತಿಳಿದದ್ದಕ್ಕೆ ಉತ್ತರ ಕೊಟ್ಟರು, ತಿಳಿಯದ್ದಕ್ಕೆ ಕೈ ಹಿಡಿದುಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅನುಸೂಯಾಳೊಡನೆ ಅವರು ಜಗಳವಾಡಲಿಲ್ಲ, ಅಳಲೂ ಇಲ್ಲ.

“ಭಾಳಷ್ಟು ತಿಳೀಲಿಲ್ರಿ,” ಎಂದರು. “ಅರ್ಧಾನ ತಿಳೀತು.”

ಅನುಸೂಯಾಳ ಮುಂದೆ ಇನ್ನೊಂದು ಕೆಲಸ ಬಾಕಿಯಿತ್ತು. ಆ ನಾಲ್ಕಾರು ಸಾಲುಗಳು ರಾಜ್ಯದ ಎಲ್ಲ ಮಾರ್ನುಡಿಗಳಲ್ಲೂ ಇದ್ದವು. ಹೋಲಿಕೆ ಸಿಗದ ಅಕ್ಷರಗಳನ್ನೂ ನುಡಿಸುವ ಹೊಸ ತಂತ್ರಾಂಶವನ್ನು ಇಲ್ಲಿಂದಲೇ ಕಳಿಸಿದರಾಯಿತು, ಮನೆಯವರಿಗೆ ಇಷ್ಟೆಲ್ಲ ಹೇಳಿ ನೋಯಿಸುವುದೇಕೆ ಎಂದರು ಮುಖ್ಯಸ್ಥರು. ತಂತ್ರಾಂಶ ಹೋಯಿತು. ಆದರೆ ಅನುಸೂಯಾ ಮನೆಗಳಿಗೂ ಹೊರಟಳು. ರಜೆ ಹಾಕಿ, ಬಸ್ಸು ಹಿಡಿದು, ಯಾರ ಪೆಟ್ಟಿಗೆ ಮಾತು ಕಡಿಮೆ ಮಾಡಿದೆಯೋ ಅವರ ಮನೆಗೆಲ್ಲ ಹೋದಳು. ಒಂದೆಡೆ ನಿಜಕ್ಕೂ ಚಿಪ್ಪಿನದೇ ದೋಷವಿತ್ತು, ಅದರಷ್ಟು ಸಮಾಧಾನ ಆಕೆಗೆ ಮತ್ತಾವುದರಲ್ಲೂ ಸಿಗಲಿಲ್ಲ. ಗಂಗಾವತಿಯಲ್ಲಿ ಒಬ್ಬ ಮುದುಕ ತೆಲುಗಿನಲ್ಲಿ ಮೊಮ್ಮಗನ ಹೆಸರು ಹಿಡಿದು ಕರೆಯುತ್ತಿದ್ದ. ಮೊಮ್ಮಗ ಅಡುಗೆಮನೆಯಿಂದ ಕೈ ಕೂಡ ತೊಳೆಯದೆ ಓಡಿ ಬಂದ.

ವಿಜಯಪುರದ ಮನೆಗೆ ಹೋಗುವಾಗ ಅಲ್ಲಿ ಮಾರ್ನುಡಿ ಇಲ್ಲವೆಂದು ಆಕೆಗೆ ಗೊತ್ತಿತ್ತು. ಸೋಮ್ಲು ರಾಠೋಡ ಎಂಬಾತ ತೀರಿಕೊಂಡು ವರ್ಷ ಸಮೀಪಿಸಿತ್ತು. ಕೊನೆಯ ತಿಂಗಳುಗಳಲ್ಲಿ ಮಾತು ನಿಂತು, ಒಳಗೆ ಯಾರೂ ಉಳಿದಿಲ್ಲವೆಂದು ಯಂತ್ರ ತೆಗೆಸಿದ್ದರು. ಮಗಳು ಜಮುನಾ ಬಸ್ ಕಂಡಕ್ಟರ್. ಡ್ಯೂಟಿಗೆ ಹೊರಡುವ ತಯಾರಿಯಲ್ಲಿದ್ದಳು, ಖಾಕಿ ಅಂಗಿ ಹಾಕಿಕೊಂಡಾಗಿತ್ತು.

ಅನುಸೂಯಾ ನಡೆದದ್ದನ್ನೆಲ್ಲ ಹೇಳಿದಳು. ಜಮುನಾ ನಡುವೆ ಬಾಯಿ ಹಾಕದೆ ಕೇಳಿದಳು.

“ಅಂದ್ರ ನಮ್ಮಪ್ಪ ಮಾತಾಡ್ತಿದ್ದ?”

“ಮಾತಾಡ್ತಿದ್ರು ಅಂತನ ನನಗ ಅನಸ್ತೈತಿ.”

“ನಮ್ಮ ಮಾತಿನ್ಯಾಗ. ಲಂಬಾಣಿಯೊಳಗ.”

“ಹೌದ್ರಿ.”

“ಏನಂದ?”

“ಗೊತ್ತಿಲ್ಲ.”

“ಯಂತ್ರದಾಗ ಎಲ್ಲೆರ ಉಳದಿರಬೇಕಲ್ರಿ? ಫೋನಿನ್ಯಾಗ ಮೆಸೇಜ್ ಉಳದಂಗ?”

“ಇಲ್ರಿ. ಉಳಸಬ್ಯಾಡ ಅಂತ ನಾನ ಬರದಿದ್ದೆ.”

ಜಮುನಾ ಟಿಕೆಟ್ ಮಶೀನನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಹೊರಗೆ ಯಾರೋ ಆಕೆಯ ಹೆಸರು ಹಿಡಿದು ಬಸ್ಸಿನ ಹೊತ್ತಾಯಿತೆಂದು ಕೂಗಿದರು. ಆಕೆ ಏಳಲಿಲ್ಲ.

“ಅಪ್ಪಗ ಕನ್ನಡ ಅಷ್ಟಕ್ಕಷ್ಟ ಇತ್ರಿ,” ಎಂದಳು. “ಮೊದಲ ನಾವಿಬ್ಬರೂ ಮನ್ಯಾಗ ನಮ್ಮ ಮಾತ ಆಡ್ತಿದ್ವಿ. ನಿಮ್ಮವರು ಬಂದು ಕನ್ನಡದಾಗ ಮಾತಾಡ್ರಿ, ಅಂದ್ರ ಯಂತ್ರಕ್ಕ ತಿಳೀತೈತಿ ಅಂದ್ರು. ನಾ ಅವತ್ತಿಂದ ಬಿಟ್ಟೆ. ಅಪ್ಪ ಸುಮ್ನಾದ ಮ್ಯಾಲೂ ಕನ್ನಡದಾಗ ಕೇಳ್ತಿದ್ದೆ. ಊಟ ಸೇರತೈತೇನಪ್ಪಾ, ನೋವೈತೇನಪ್ಪಾ. ದಿನಾ ಕೇಳ್ತಿದ್ದೆ. ಒಂದ್ ಸಲಾನೂ ನಮ್ಮ ಮಾತಿನ್ಯಾಗ ಕೇಳ್ಲಿಲ್ಲ ನೋಡ್ರಿ.”

ತಪ್ಪು ನಿಮ್ಮದಲ್ಲ ಎಂದು ಅನುಸೂಯಾಳ ಬಾಯಿಗೆ ಬಂತು. ಅದನ್ನು ಹೇಳುವ ಅಧಿಕಾರ ತನಗಿಲ್ಲವೆನಿಸಿತು.

ಹೊರಗೆ ಮತ್ತೆ ಕೂಗಿದರು. ಜಮುನಾ ಎದ್ದು ಚೀಲ ಹೆಗಲಿಗೇರಿಸಿಕೊಂಡಳು, ಬಾಗಿಲಿಗೆ ಬೀಗ ಹಾಕಿದಳು. ಇಬ್ಬರೂ ಬಸ್ ನಿಲ್ದಾಣದ ತನಕ ಜೊತೆಯಲ್ಲೇ ನಡೆದರು. ಹುಬ್ಬಳ್ಳಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಜಮುನಾ ಕೈ ಮಾಡಿ ತೋರಿಸಿ, ತನ್ನ ಬಸ್ಸು ಹತ್ತಿ, ಸೀಟಿ ಊದಿದಳು.